ಸಿಮೆಂಟಿನ ಹಡಗುಗಳು, ತಡೆಹಿಡಿದ ಪಾವತಿ: 1975ರ ಲಾಗೋಸ್ ಪ್ರಕರಣ

ಬೇರೆ ಬೇರೆ ದೇಶಗಳಲ್ಲಿರುವ ಮಾರಾಟಗಾರ ಮತ್ತು ಕೊಳ್ಳುಗರ ನಡುವೆ ವ್ಯಾಪಾರ ಕುದುರುವಾಗ ಬೆಲೆಯಷ್ಟೇ ಕಠಿಣವಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಮೊದಲು ಯಾರು ಯಾರನ್ನು ನಂಬಬೇಕು? ಸರಕು ಹಡಗೇರುವ ಮುನ್ನವೇ ಕೊಳ್ಳುಗ ಪೂರ್ತಿ ಹಣ ಕಳಿಸಿದರೆ ಅದು ಮುಂಗಡ ಪಾವತಿ. ಅದರಲ್ಲಿ ಅಪಾಯವೆಲ್ಲ ಕೊಳ್ಳುಗನದು. ಸರಕು ತಲುಪಿದ ಮೇಲೆ ಇಂತಿಷ್ಟು ದಿನಗಳಲ್ಲಿ ಹಣ ಕೊಡುವುದೆಂದಾದರೆ ಅದು ಉದ್ದರಿ ವ್ಯವಹಾರ. ಅದರಲ್ಲಿ ಅಪಾಯವೆಲ್ಲ ಮಾರಾಟಗಾರನದು. ಇವೆರಡರ ನಡುವೆ, ಸರಕಿನ ಕಾಗದಪತ್ರಗಳನ್ನು ಬ್ಯಾಂಕಿನ ಕೈಗೆ ಕೊಟ್ಟು, ಹಣ ಪಾವತಿಯಾದ ಮೇಲಷ್ಟೇ ಅವನ್ನು ಕೊಳ್ಳುಗನಿಗೆ ಬಿಡಿಸಿಕೊಡುವ ವಸೂಲಿ ಪದ್ಧತಿಯಿದೆ. ಆದರೆ ಕೊಳ್ಳುಗ ಕಾಗದಗಳನ್ನು ಬಿಡಿಸಿಕೊಳ್ಳಲು ಬಾರದೇ ಹೋದರೆ ದೂರದ ಬಂದರಿನಲ್ಲಿ ಬಿದ್ದ ಸರಕಿಗೆ ಮಾರಾಟಗಾರನೇ ದಿಕ್ಕು. ಈ ಮೂರರ ಕೊರತೆಯನ್ನೂ ನೀಗಲು ಬೆಳೆದುಬಂದದ್ದು ಲೆಟರ್ ಆಫ್ ಕ್ರೆಡಿಟ್, ವಾಡಿಕೆಯಲ್ಲಿ ಎಲ್‌ಸಿ. ಗೊತ್ತುಪಡಿಸಿದ ಕಾಗದಪತ್ರಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಒಪ್ಪಿಸಿದರೆ ಹಣ ಕೊಡುತ್ತೇನೆಂದು ಕೊಳ್ಳುಗನ ಬ್ಯಾಂಕು ಮಾರಾಟಗಾರನಿಗೆ ನೇರವಾಗಿ ಕೊಡುವ ವಾಗ್ದಾನ ಅದು.

ಈ ವಾಗ್ದಾನದ ಬಲವೆಲ್ಲ ಅದರ ಸ್ವತಂತ್ರ ಸ್ವರೂಪದಲ್ಲಿದೆ. ಬ್ಯಾಂಕು ನೋಡುವುದು ಕಾಗದಗಳನ್ನೇ ಹೊರತು ಸರಕನ್ನಲ್ಲ. ಹಡಗಿನವರು ಸರಕು ತುಂಬಿಕೊಂಡದ್ದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗ್, ಬೆಲೆಯ ಬೀಜಕ, ವಿಮಾಪತ್ರ, ಗುಣಮಟ್ಟದ ಪ್ರಮಾಣಪತ್ರ ಇವೆಲ್ಲ ಎಲ್‌ಸಿಯ ಷರತ್ತಿಗೆ ಹೊಂದಿದರೆ, ಕೊಳ್ಳುಗ ಮತ್ತು ಮಾರಾಟಗಾರರ ನಡುವೆ ಎಂಥ ಜಗಳವಿದ್ದರೂ ಬ್ಯಾಂಕು ಹಣ ಕೊಡಲೇಬೇಕು. ಮೊದಲ ಮಹಾಯುದ್ಧದ ನಂತರ, 1920-21ರಲ್ಲಿ ಸರಕುಗಳ ಬೆಲೆ ಕುಸಿದು ಕೊಳ್ಳುಗರು ಒಪ್ಪಂದಗಳಿಂದ ನುಣುಚಿಕೊಳ್ಳಲು ದಾರಿ ಹುಡುಕಿದಾಗ, ಈ ತತ್ತ್ವ ಅನೇಕ ದೇಶಗಳ ನ್ಯಾಯಾಲಯಗಳಲ್ಲಿ ಪರೀಕ್ಷೆಗೊಳಗಾಯಿತು. ಒಂದೊಂದು ದೇಶದ ಬ್ಯಾಂಕುಗಳು ಒಂದೊಂದು ರೂಢಿಯನ್ನು ಅನುಸರಿಸುತ್ತಿದ್ದುದರಿಂದ ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1933ರಲ್ಲಿ ವಿಯೆನ್ನಾದಲ್ಲಿ ಏಕರೂಪ ನಿಯಮಾವಳಿಯೊಂದನ್ನು ಅಂಗೀಕರಿಸಿತು. ಬಹುಕಾಲ ದೂರವೇ ಉಳಿದಿದ್ದ ಬ್ರಿಟಿಷ್ ಬ್ಯಾಂಕುಗಳೂ 1962ರ ಪರಿಷ್ಕರಣೆಯ ಹೊತ್ತಿಗೆ ಅದರ ತೆಕ್ಕೆಗೆ ಬಂದವು. ಭಾರತದಲ್ಲಿಯೂ ಇದೇ ತತ್ತ್ವ ನೆಲೆಗೊಂಡಿತು. ಫರಕ್ಕಾ ಅಣೆಕಟ್ಟಿನ ಕಾಮಗಾರಿಗಾಗಿ ಸೋವಿಯತ್ ಒಕ್ಕೂಟದಿಂದ ಯಂತ್ರಗಳನ್ನು ತರಿಸಿದ್ದ ಮದರಾಸಿನ ತಾರಾಪೋರ್ ಕಂಪನಿಯು ಎಲ್‌ಸಿಯ ಪಾವತಿಗೆ ತಡೆ ಕೇಳಿದಾಗ, ರದ್ದುಪಡಿಸಲಾಗದ ಎಲ್‌ಸಿಯ ನಡುವೆ ನ್ಯಾಯಾಲಯಗಳು ಸುಲಭಕ್ಕೆ ಕೈಹಾಕಬಾರದೆಂದು ಸುಪ್ರೀಂ ಕೋರ್ಟು ಆ ಕೋರಿಕೆಯನ್ನು ನಿರಾಕರಿಸಿತು.

ಹೀಗೆ ನೆಲೆಗೊಂಡ ವ್ಯವಸ್ಥೆಯಲ್ಲಿ ಒಂದು ಊಹೆ ಅಡಗಿತ್ತು: ವಾಗ್ದಾನ ಕೊಟ್ಟ ಬ್ಯಾಂಕು ಅದನ್ನು ಮುರಿಯುವುದಿಲ್ಲ, ಮುರಿದರೆ ಅದನ್ನು ನ್ಯಾಯಾಲಯಕ್ಕೆ ಎಳೆಯಬಹುದು. ವಾಗ್ದಾನ ಕೊಟ್ಟದ್ದು ಒಂದು ಸ್ವತಂತ್ರ ರಾಷ್ಟ್ರದ ಕೇಂದ್ರ ಬ್ಯಾಂಕೇ ಆಗಿದ್ದರೆ ಏನಾಗುತ್ತದೆಂಬುದನ್ನು ಜಗತ್ತು ಕಂಡದ್ದು 1975ರಲ್ಲಿ, ನೈಜೀರಿಯಾದ ಲಾಗೋಸ್ ಬಂದರಿನ ಎದುರು.

ಅಂತರ್ಯುದ್ಧದಿಂದ 1970ರಲ್ಲಷ್ಟೇ ಹೊರಬಂದಿದ್ದ ನೈಜೀರಿಯಾಕ್ಕೆ ಮೂರೇ ವರ್ಷಗಳಲ್ಲಿ ಅನಿರೀಕ್ಷಿತ ಸಂಪತ್ತು ಕೈಸೇರಿತು. ಅರಬ್-ಇಸ್ರೇಲ್ ಯುದ್ಧದ ಬೆನ್ನಲ್ಲೇ, 1973ರ ಕೊನೆಯ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಉತ್ಕೃಷ್ಟ ದರ್ಜೆಯ ತೈಲವಿದ್ದ ನೈಜೀರಿಯಾದ ಬೊಕ್ಕಸಕ್ಕೆ ವಿದೇಶಿ ವಿನಿಮಯ ಹರಿದುಬಂತು. ಜನರಲ್ ಯಾಕುಬು ಗೋವನ್ ಅವರ ಸೇನಾ ಸರ್ಕಾರ 1975-80ರ ಅವಧಿಗೆ ಸುಮಾರು 30 ಶತಕೋಟಿ ನೈರಾ ವೆಚ್ಚದ ಮೂರನೆಯ ರಾಷ್ಟ್ರೀಯ ಅಭಿವೃದ್ಧಿ ಯೋಜನೆಯನ್ನು ರೂಪಿಸಿತು. ರಸ್ತೆ, ಸೇತುವೆ, ಶಾಲೆ, ವಿಮಾನ ನಿಲ್ದಾಣಗಳ ಜತೆಗೆ, ಯುದ್ಧಕಾಲದಲ್ಲಿ ಹಲವು ಪಟ್ಟು ಬೆಳೆದು ನಂತರವೂ ಕರಗದಿದ್ದ ಸೇನೆಗೆ ವಸತಿ ಕಟ್ಟಡಗಳೂ ಬೇಕಾಗಿದ್ದವು. ಎಲ್ಲಕ್ಕೂ ಮೂಲವಸ್ತು ಸಿಮೆಂಟು, ದೇಶೀಯ ಉತ್ಪಾದನೆಯಾದರೋ ಬೇಡಿಕೆಯ ಹತ್ತಿರಕ್ಕೂ ಬರುವಂತಿರಲಿಲ್ಲ. ಸರ್ಕಾರದ ಬೇರೆ ಬೇರೆ ಅಂಗಗಳು ಒಟ್ಟು ಸುಮಾರು 2 ಕೋಟಿ ಟನ್ ಸಿಮೆಂಟಿಗೆ ವಿದೇಶಗಳಲ್ಲಿ ಬೇಡಿಕೆ ಸಲ್ಲಿಸಿದವು. ಅದರಲ್ಲಿ ಸುಮಾರು 1 ಕೋಟಿ 60 ಲಕ್ಷ ಟನ್ ರಕ್ಷಣಾ ಸಚಿವಾಲಯ ಒಂದರದೇ ಬೇಡಿಕೆಯಾಗಿತ್ತು. ಸಚಿವಾಲಯದ ಈ ಬೇಡಿಕೆಗಾಗಿ 68 ಮಾರಾಟಗಾರರೊಂದಿಗೆ 109 ಒಪ್ಪಂದಗಳು ಆದವು; ಅವುಗಳ ಒಟ್ಟು ಮೌಲ್ಯ 100 ಕೋಟಿ ಡಾಲರಿನ ಸಮೀಪಕ್ಕೆ ಬಂದಿತ್ತು.

ಈ ಮಾರಾಟಗಾರರಲ್ಲಿ ಎಲ್ಲರೂ ಸಿಮೆಂಟು ತಯಾರಿಸುವವರಾಗಿರಲಿಲ್ಲ. ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರಿ ನಡುವಿನ ಅಂತರದಲ್ಲಿ ಲಾಭ ಕಾಣುವ ವ್ಯಾಪಾರಿ ಸಂಸ್ಥೆಗಳು ಇವರಲ್ಲಿ ಹಲವು. ಇಂಥ ಹಲವು ಸಂಸ್ಥೆಗಳ ಒಪ್ಪಂದದ ಮಾದರಿಯೂ ಬಹುತೇಕ ಒಂದೇ: 2 ಲಕ್ಷ 40 ಸಾವಿರ ಟನ್ ಪೋರ್ಟ್‌ಲ್ಯಾಂಡ್ ಸಿಮೆಂಟು, ಟನ್ನಿಗೆ ಸುಮಾರು 60 ಡಾಲರ್. ಇಷ್ಟು ದೊಡ್ಡ ವ್ಯವಹಾರಕ್ಕೆ ಬೇಕಾದ ಬಂಡವಾಳ ಇಂಥ ಸಂಸ್ಥೆಗಳ ಬಳಿ ಇರಲಿಲ್ಲ. ಅವರ ನಿಜವಾದ ಬಂಡವಾಳವೆಂದರೆ ನೈಜೀರಿಯಾದ ಕೇಂದ್ರ ಬ್ಯಾಂಕು ಹೊರಡಿಸುವ ಎಲ್‌ಸಿ. ಅದನ್ನು ತೋರಿಸಿ ಯುರೋಪಿನ ಬ್ಯಾಂಕುಗಳಿಂದ ಸಾಲ ಎತ್ತಬಹುದಿತ್ತು, ಕಾರ್ಖಾನೆಗಳಿಂದ ಸಿಮೆಂಟನ್ನೂ ಹಡಗು ಮಾಲೀಕರಿಂದ ಹಡಗುಗಳನ್ನೂ ಗೊತ್ತುಮಾಡಿಕೊಳ್ಳಬಹುದಿತ್ತು.

ಇಲ್ಲಿಯೇ ಒಂದು ಸಣ್ಣದೆಂದು ತೋರುವ, ಆದರೆ ಮುಂದಿನ ಎಲ್ಲ ಅನಾಹುತಕ್ಕೂ ಬಾಗಿಲು ತೆರೆದ ವ್ಯತ್ಯಾಸವನ್ನು ಗಮನಿಸಬೇಕು. ಎಲ್‌ಸಿ ಹೊರಡಿಸುವ ಬ್ಯಾಂಕು ದೂರದಲ್ಲಿದ್ದಾಗ ಮಾರಾಟಗಾರನ ಕಡೆಯ ಬ್ಯಾಂಕೊಂದು ಅದರಲ್ಲಿ ಎರಡು ಬಗೆಯಾಗಿ ಪಾಲ್ಗೊಳ್ಳಬಹುದು. ಪತ್ರ ಬಂದಿದೆಯೆಂದು ತಿಳಿಸಿ, ಕಾಗದಗಳನ್ನು ಸ್ವೀಕರಿಸಿ, ಹೊರಡಿಸಿದ ಬ್ಯಾಂಕಿನ ಪರವಾಗಿ ಹಣ ಪಾವತಿಸುವುದಷ್ಟೇ ಅದರ ಕೆಲಸವಾದರೆ ಅದು ಸೂಚನಾ ಬ್ಯಾಂಕು. ಅದಕ್ಕೆ ಸ್ವಂತ ಹೊಣೆಯೇನೂ ಇಲ್ಲ. ಅದೇ ಬ್ಯಾಂಕು ತನ್ನ ಸ್ವಂತ ವಾಗ್ದಾನವನ್ನೂ ಸೇರಿಸಿದರೆ ಅದು ದೃಢೀಕರಿಸಿದ ಎಲ್‌ಸಿ. ಆಗ ಮೂಲ ಬ್ಯಾಂಕು ಕೈಕೊಟ್ಟರೂ ದೃಢೀಕರಿಸಿದ ಬ್ಯಾಂಕು ಹಣ ಕೊಡಲೇಬೇಕು. 1975ರ ಏಪ್ರಿಲ್ 21ರಂದು ಒಪ್ಪಂದ ಮಾಡಿಕೊಂಡ ಆಮ್‌ಸ್ಟರ್‌ಡಾಮಿನ ವರ್ಲಿಂಡನ್ ಕಂಪನಿಗೆ ಅದೇ ನಗರದ ಸ್ಲಾವೆನ್‌ಬರ್ಗ್ಸ್ ಬ್ಯಾಂಕಿನ ಮೂಲಕ ದೃಢೀಕರಿಸಿದ, ರದ್ದುಪಡಿಸಲಾಗದ ಎಲ್‌ಸಿ ಸಿಗಬೇಕಿತ್ತು. ನೈಜೀರಿಯಾದ ಕೇಂದ್ರ ಬ್ಯಾಂಕು ಕಳಿಸಿದ್ದು, ಕಂಪನಿಯ ದೂರಿನ ಪ್ರಕಾರ, ನ್ಯೂಯಾರ್ಕಿನ ಮೋರ್ಗನ್ ಗ್ಯಾರಂಟಿ ಟ್ರಸ್ಟ್ ಮೂಲಕ ಪಾವತಿಯಾಗುವ, ದೃಢೀಕರಣವಿಲ್ಲದ ಪತ್ರವನ್ನು. ಅಮೆರಿಕದ ನಾಲ್ಕು ಸಂಸ್ಥೆಗಳಿಗೆ ಬಂದ ಪತ್ರಗಳೂ ಮೋರ್ಗನ್ ಮೂಲಕ ಬರಿಯ ಸೂಚನೆಯ ರೂಪದಲ್ಲಿಯೇ ಬಂದವು. ಸ್ವಿಟ್ಜರ್ಲೆಂಡಿನ ಟ್ರೆಂಡ್‌ಟೆಕ್ಸ್ ಕಂಪನಿಯ 1 ಕೋಟಿ 42 ಲಕ್ಷ 80 ಸಾವಿರ ಡಾಲರುಗಳ ಪತ್ರ ಲಂಡನ್ನಿನ ಮಿಡ್‌ಲ್ಯಾಂಡ್ ಬ್ಯಾಂಕಿಗೆ ಬಂತು. ತೈಲದ ಹಣದಲ್ಲಿ ಮಿಂದ ರಾಷ್ಟ್ರದ ಕೇಂದ್ರ ಬ್ಯಾಂಕೇ ಮಾತು ಕೊಟ್ಟಿರುವಾಗ ಇನ್ನೊಂದು ಬ್ಯಾಂಕಿನ ಮಾತು ಏಕೆ ಬೇಕೆಂಬ ಭಾವನೆ ಆ ದಿನಗಳಲ್ಲಿ ಅಸಹಜವೇನೂ ಆಗಿರಲಿಲ್ಲ.

ಲಾಗೋಸಿನ ಅಪಾಪ ಬಂದರು ವರ್ಷವೊಂದಕ್ಕೆ ಎಷ್ಟು ಸಿಮೆಂಟನ್ನು ಇಳಿಸಿಕೊಳ್ಳಬಲ್ಲದೆಂಬ ಬಗ್ಗೆ ನಾನಾ ಅಂದಾಜುಗಳಿವೆ. 10 ಲಕ್ಷ ಟನ್ನಿನಿಂದ 50 ಲಕ್ಷ ಟನ್ನಿನವರೆಗೆ ಲೆಕ್ಕಗಳು ಹೊಯ್ದಾಡುತ್ತವೆ. ಅತ್ಯಂತ ಉದಾರವಾದ ಲೆಕ್ಕವನ್ನೇ ಹಿಡಿದರೂ ಬೇಡಿಕೆ ಅದರ ಹಲವು ಪಟ್ಟಿತ್ತು. ಹಿಂದಿನ ಅನುಭವದ ಮೇಲೆ, ಒಪ್ಪಂದ ಮಾಡಿಕೊಂಡವರಲ್ಲಿ ಐದನೆಯ ಒಂದು ಪಾಲಿನಷ್ಟು ಮಂದಿ ಮಾತ್ರ ಸರಕು ಪೂರೈಸಿಯಾರೆಂದು ಅಧಿಕಾರಿಗಳು ಎಣಿಸಿದ್ದರು. ಆದರೆ 1974-75ರ ಜಾಗತಿಕ ಹಿಂಜರಿತ ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಯುರೋಪಿನಲ್ಲಿ ಕಟ್ಟಡ ಕೆಲಸಗಳು ನಿಂತು ಕಾರ್ಖಾನೆಗಳಲ್ಲಿ ಸಿಮೆಂಟು ಮಿಕ್ಕಿತ್ತು. ಸಾಗಣೆ ದರ ಕುಸಿದು ಹಡಗುಗಳು ಕೆಲಸವಿಲ್ಲದೆ ನಿಂತಿದ್ದವು. ಹೀಗಾಗಿ ಪೂರೈಕೆದಾರರು ಪೂರೈಸಿದರು.

1975ರ ಮಳೆಗಾಲದ ಹೊತ್ತಿಗೆ ಲಾಗೋಸಿನ ಹೊರಗಡಲಿನಲ್ಲಿ ನೂರಾರು ಹಡಗುಗಳು ಲಂಗರು ಹಾಕಿದ್ದವು. ವರ್ಷದ ಕೊನೆಯ ತಿಂಗಳುಗಳಲ್ಲಿ ಅವುಗಳ ಸಂಖ್ಯೆ 400 ದಾಟಿತು, ಅರ್ಧಕ್ಕಿಂತ ಹೆಚ್ಚಿನವುಗಳ ಒಡಲಿನಲ್ಲಿ ಇದ್ದದ್ದು ಸಿಮೆಂಟು. ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಗೊತ್ತಾದ ಅವಧಿಯಲ್ಲಿ ಸರಕು ಇಳಿಸಿಕೊಳ್ಳದೆ ಹಡಗನ್ನು ಕಾಯಿಸಿದ್ದಕ್ಕೆ ತೆರಬೇಕಾದ ದಂಡಕ್ಕೆ ಡೆಮರೇಜ್ ಎಂದು ಹೆಸರು. ಹಡಗೊಂದಕ್ಕೆ ದಿನಕ್ಕೆ ನಾಲ್ಕು ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಈ ದಂಡ, ಸಾಗಣೆಯೇ ಸಿಗದಿದ್ದ ಆ ಕಾಲದಲ್ಲಿ ಹಡಗು ಓಡಿಸಿ ಗಳಿಸುವುದಕ್ಕಿಂತ ನಿಲ್ಲಿಸಿ ಗಳಿಸುವುದನ್ನೇ ಲಾಭದಾಯಕವಾಗಿಸಿತು. ಗುಜರಿ ಸೇರಬೇಕಾದ ಹಳೆಯ ಹಡಗುಗಳೂ ಸಿಮೆಂಟು ತುಂಬಿಕೊಂಡು ಗಿನಿ ಕೊಲ್ಲಿಯತ್ತ ಹೊರಟವು. ಕಡಲ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಚೀಲಗಳಲ್ಲಿ ಸಿಮೆಂಟು ಗಟ್ಟಿಯಾಗತೊಡಗಿತು. ಅದಕ್ಕಿಂತ ದಾರುಣವಾದದ್ದೆಂದರೆ ದೇಶದ ಇತರ ಆಮದುಗಳಿಗೂ ದಾರಿ ಮುಚ್ಚಿಹೋದದ್ದು. ಜನರಿಗೆ ಬೇಕಾದ ನಿತ್ಯದ ಸರಕುಗಳು ಅದೇ ಸರದಿಯಲ್ಲಿ, ಸಿಮೆಂಟಿನ ಹಿಂದೆ, ಕಾಯುತ್ತಿದ್ದವು.

ಜುಲೈ 29ರಂದು, ಗೋವನ್ ಅವರು ಆಫ್ರಿಕನ್ ಏಕತಾ ಸಂಘಟನೆಯ ಶೃಂಗಸಭೆಗೆಂದು ಕಂಪಾಲಾದಲ್ಲಿದ್ದಾಗ, ಸೇನೆಯ ಇನ್ನೊಂದು ಬಣ ಅಧಿಕಾರ ಹಿಡಿದು ಮುರ್ತಲಾ ಮೊಹಮ್ಮದ್ ಅವರನ್ನು ಮುಖ್ಯಸ್ಥರನ್ನಾಗಿಸಿತು. ಹಿಂದಿನವರ ಬೇಡಿಕೆ, ಹಿಂದಿನವರ ಸಹಿ. ಬಿಲ್ಲು ಮಾತ್ರ ಹೊಸಬರ ಮುಂದೆ. ಹೊಸ ಸರ್ಕಾರ ಆಗಸ್ಟ್ 9ರಂದು ಪ್ರಕಟಣೆ ಹೊರಡಿಸಿ, ಲಾಗೋಸಿಗೆ ಬರುವ ಹಡಗುಗಳು ಹೊರಡುವ ಎರಡು ತಿಂಗಳು ಮೊದಲೇ ಬಂದರು ಪ್ರಾಧಿಕಾರಕ್ಕೆ ತಿಳಿಸಬೇಕೆಂದಿತು. ಆಗಸ್ಟ್ 18ರಂದು ಪೂರೈಕೆದಾರರಿಗೆ ತಂತಿ ಕಳಿಸಿ ಸಿಮೆಂಟು ಕಳಿಸುವುದನ್ನೂ ಹಡಗು ಗೊತ್ತುಮಾಡುವುದನ್ನೂ ನಿಲ್ಲಿಸುವಂತೆ ಕೇಳಿತು. ಈವರೆಗಿನದು ಸಂಕಟದಲ್ಲಿ ಸಿಕ್ಕ ಕೊಳ್ಳುಗನೊಬ್ಬ ಮಾಡಬಹುದಾದ ಕೋರಿಕೆ; ಒಪ್ಪುವುದೂ ಬಿಡುವುದೂ ಎದುರು ಪಕ್ಷದ ಇಚ್ಛೆ.

ನಿಜವಾದ ತಿರುವು ಬಂದದ್ದು ಸೆಪ್ಟೆಂಬರಿನಲ್ಲಿ, ಬಂದರಿನಲ್ಲಲ್ಲ, ಬ್ಯಾಂಕುಗಳ ನಡುವಿನ ಸಂದೇಶದಲ್ಲಿ. ಸಿಮೆಂಟಿಗೆ ಸಂಬಂಧಿಸಿದ ಎಲ್ಲ ಎಲ್‌ಸಿಗಳ ಷರತ್ತುಗಳನ್ನೂ ಬದಲಿಸಬೇಕೆಂದು ನೈಜೀರಿಯಾದ ಕೇಂದ್ರ ಬ್ಯಾಂಕು ತನ್ನ ಪ್ರತಿನಿಧಿ ಬ್ಯಾಂಕುಗಳಿಗೆ ಏಕಪಕ್ಷೀಯವಾಗಿ ಸೂಚಿಸಿತು. ಪತ್ರದಲ್ಲಿ ಹೇಳಿದ ಕಾಗದಗಳೆಲ್ಲ ಸರಿಯಿದ್ದರೂ ಸಾಲದು, ಹಣ ಕೊಡಬಹುದೆಂಬ ಕೇಂದ್ರ ಬ್ಯಾಂಕಿನದೇ ಒಪ್ಪಿಗೆ ಜತೆಗಿರಬೇಕು ಎಂಬುದು ಹೊಸ ಷರತ್ತಿನ ಸಾರ. ರದ್ದುಪಡಿಸಲಾಗದ ಎಲ್‌ಸಿಯನ್ನು ಮಾರಾಟಗಾರನ ಸಮ್ಮತಿಯಿಲ್ಲದೆ ತಿದ್ದುವಂತಿಲ್ಲವೆಂಬುದು ಆ ಪತ್ರಗಳಿಗೆ ಅನ್ವಯವಾಗುತ್ತಿದ್ದ 1962ರ ನಿಯಮಾವಳಿಯಲ್ಲಿಯೇ ಸ್ಪಷ್ಟವಾಗಿತ್ತು. ಆದರೂ ಮೋರ್ಗನ್ ಬ್ಯಾಂಕು, ತನ್ನ ಸ್ವಂತ ಮಾತನ್ನು ಕೊಟ್ಟಿರದ ಕಾರಣ, ತನ್ನ ಗ್ರಾಹಕನ ಸೂಚನೆಯನ್ನು ಪಾಲಿಸಿ ಪಾವತಿ ತಡೆಯಿತು. ಸರಕನ್ನು ಹಡಗೇರಿಸಿ, ಬಿಲ್ ಆಫ್ ಲೇಡಿಂಗ್ ಹಿಡಿದು ಬ್ಯಾಂಕಿನ ಕಿಟಕಿಗೆ ಬಂದ ಮಾರಾಟಗಾರ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ದೃಢೀಕರಣವೊಂದು ಇದ್ದಿದ್ದರೆ ಲಾಗೋಸಿನಿಂದ ಬಂದ ಯಾವ ಸೂಚನೆಯೂ ಆ ಪಾವತಿಯನ್ನು ತಡೆಯುವಂತಿರಲಿಲ್ಲ. ಡಿಸೆಂಬರ್ 19ರಂದು ಹೊರಬಿದ್ದ 40ನೆಯ ಡಿಕ್ರಿ, ಎರಡು ತಿಂಗಳ ಪೂರ್ವಾನುಮತಿಯಿಲ್ಲದೆ ಬಂದರು ಪ್ರವೇಶಿಸುವುದನ್ನು ದಂಡನಾರ್ಹ ಅಪರಾಧವನ್ನಾಗಿ ಮಾಡಿತಾದರೂ, ಅಷ್ಟು ಹೊತ್ತಿಗೆ ಮುರಿಯಬೇಕಾದದ್ದು ಮುರಿದಾಗಿತ್ತು.

ಈ ಅನಾಹುತದ ಹೊಣೆ ಯಾರದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವೇಗವಾಗಿ ಬೆಳೆಯಹೊರಟ ಆಡಳಿತಯಂತ್ರದ ಅನನುಭವ ಮತ್ತು ಇಲಾಖೆಗಳ ನಡುವಿನ ಹೊಂದಾಣಿಕೆಯ ಕೊರತೆಯೇ ಮುಖ್ಯ ಕಾರಣವೆಂಬುದು ಒಂದು ವಾದ. ವಿದೇಶಿ ಮಾರಾಟಗಾರ, ಸ್ಥಳೀಯ ಮಧ್ಯವರ್ತಿ, ಸರ್ಕಾರಿ ಅಧಿಕಾರಿ ಈ ಮೂವರ ಕೂಟವೇ ನೈಜೀರಿಯಾದ ಅರ್ಥವ್ಯವಸ್ಥೆಯನ್ನು ನಡೆಸುತ್ತಿತ್ತೆಂದು ಆ ಕಾಲದಲ್ಲೇ ಬರೆದ ತೆರೀಸಾ ಟರ್ನರ್ ಅವರಂಥವರ ದೃಷ್ಟಿಯಲ್ಲಿ ಇಂಥ ಖರೀದಿಗಳು ಆಕಸ್ಮಿಕವಲ್ಲ, ವ್ಯವಸ್ಥೆಯ ಸಹಜ ಫಲ. ಮುರ್ತಲಾ ಸರ್ಕಾರ ನೇಮಿಸಿದ ಬೆಲ್ಗೋರ್ ವಿಚಾರಣಾ ಮಂಡಳಿ ರಕ್ಷಣಾ ಸಚಿವಾಲಯದ ಖರೀದಿಯನ್ನು ಕಟುವಾಗಿ ಪರಿಶೀಲಿಸಿತು. ಎರಡು ವಾದಗಳೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ; ಅಗತ್ಯದ ಅಂದಾಜಿಗೂ ಸಹಿಯ ಲೆಕ್ಕಕ್ಕೂ ಸಂಬಂಧವೇ ಇಲ್ಲದಿದ್ದ ಕಡೆ ಅನನುಭವಕ್ಕೂ ಲಂಚಕ್ಕೂ ಸಮಾನ ಅವಕಾಶವಿತ್ತು. ಆದರೆ ಮಾರಾಟಗಾರರೆಲ್ಲ ನಿರ್ದೋಷಿಗಳೆಂದು ಭಾವಿಸುವುದೂ ಸರಿಯಲ್ಲ. ತುಂಬಿತುಳುಕಿದ ಬಂದರಿಗೆ ಡೆಮರೇಜಿನ ಆಸೆಯಿಂದಲೇ ಹಡಗು ಕಳಿಸಿದವರು ಅವರಲ್ಲಿಯೂ ಇದ್ದರು.

ಬಹುಪಾಲು ಪೂರೈಕೆದಾರರೊಂದಿಗೆ ನೈಜೀರಿಯಾ ಮಾತುಕತೆಯ ಮೂಲಕ ರಾಜಿ ಮಾಡಿಕೊಂಡಿತು. ಒಪ್ಪದವರು ನ್ಯಾಯಾಲಯಗಳಿಗೆ ಹೋದರು. ಅಲ್ಲಿ ಎದುರಾದ ಮೊದಲ ಗೋಡೆ ಸಾರ್ವಭೌಮ ವಿನಾಯಿತಿ. ಒಂದು ರಾಷ್ಟ್ರವನ್ನು ಇನ್ನೊಂದು ರಾಷ್ಟ್ರದ ನ್ಯಾಯಾಲಯ ವಿಚಾರಣೆಗೆ ಕರೆಯುವಂತಿಲ್ಲವೆಂಬ ಹಳೆಯ ತತ್ತ್ವ ಅದು. ಇಪ್ಪತ್ತನೆಯ ಶತಮಾನದಲ್ಲಿ ರಾಷ್ಟ್ರಗಳೇ ವ್ಯಾಪಾರಕ್ಕೆ ಇಳಿದಂತೆ, ವಿನಾಯಿತಿಯನ್ನು ಆಳುವ ಕಾರ್ಯಗಳಿಗೆ ಸೀಮಿತಗೊಳಿಸಿ ವಾಣಿಜ್ಯ ಕಾರ್ಯಗಳನ್ನು ಹೊರಗಿಡಬೇಕೆಂಬ ವಿಚಾರ ಯುರೋಪಿನ ಹಲವು ದೇಶಗಳಲ್ಲಿ ಬೇರೂರಿತ್ತು. ಫ್ರಾಂಕ್‌ಫರ್ಟಿನ ನ್ಯಾಯಾಲಯ 1975ರ ಡಿಸೆಂಬರಿನಲ್ಲಿಯೇ, ಸಿಮೆಂಟು ವ್ಯಾಪಾರಿಯೊಬ್ಬರ ಪರವಾಗಿ, ಜರ್ಮನಿಯಲ್ಲಿದ್ದ ಕೇಂದ್ರ ಬ್ಯಾಂಕಿನ ಹಣದ ಜಪ್ತಿಯನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನಲ್ಲಿ ಮಾತ್ರ ಪೂರ್ಣ ವಿನಾಯಿತಿಯ ಹಳೆಯ ತೀರ್ಪುಗಳು ಇನ್ನೂ ಜಾರಿಯಲ್ಲಿದ್ದವು.

ಹ್ಯಾಂಬರ್ಗಿನ ಆಲ್ಸೆನ್-ಬ್ರೈಟನ್‌ಬರ್ಗ್ ಕಾರ್ಖಾನೆಯಿಂದ ಸಿಮೆಂಟು ಕೊಂಡು ಲಾಗೋಸಿಗೆ ಕಳಿಸಿದ್ದ ಟ್ರೆಂಡ್‌ಟೆಕ್ಸ್, ಲಂಡನ್ನಿನಲ್ಲಿ ದಾವೆ ಹೂಡಿತು. ಕೆಳ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಡೊನಾಲ್ಡ್‌ಸನ್ ಅವರು ಬ್ಯಾಂಕಿನ ಪರ ನಿಂತರು. ಮೇಲ್ಮನವಿಯ ತೀರ್ಪು 1977ರ ಜನವರಿ 13ರಂದು ಬಂತು. ಕೇಂದ್ರ ಬ್ಯಾಂಕು ಪ್ರತ್ಯೇಕ ಕಾನೂನು ವ್ಯಕ್ತಿ, ಸರ್ಕಾರದ ಇಲಾಖೆಯಲ್ಲ, ಆದ್ದರಿಂದ ಅದಕ್ಕೆ ವಿನಾಯಿತಿ ಇಲ್ಲ ಎಂಬಲ್ಲಿ ಮೂವರು ನ್ಯಾಯಮೂರ್ತಿಗಳೂ ಒಂದಾದರು. ಲಾರ್ಡ್ ಡೆನ್ನಿಂಗ್ ಅಲ್ಲಿಗೆ ನಿಲ್ಲಲಿಲ್ಲ. ಅಂತರರಾಷ್ಟ್ರೀಯ ಕಾನೂನು ಇಂಗ್ಲೆಂಡಿನ ಕಾನೂನಿನ ಅಂಗ, ಅದು ಬದಲಾದಾಗ ಇದೂ ಬದಲಾಗಬೇಕು, ಅಲ್ಲಿ ಹಳೆಯ ತೀರ್ಪಿನ ಕಟ್ಟು ಅಡ್ಡ ಬರುವುದಿಲ್ಲ ಎಂದರು. ಸರ್ಕಾರ ಸಿಮೆಂಟು ಕೊಂಡದ್ದು ಸೇನೆಯ ವಸತಿಗೇ ಆಗಿದ್ದರೂ ಕೊಳ್ಳುವ ಕ್ರಿಯೆ ವಾಣಿಜ್ಯವೇ ಎಂದರು. ನ್ಯಾಯಮೂರ್ತಿ ಶಾ ಒಪ್ಪಿದರು. ಪೂರ್ವನಿದರ್ಶನವನ್ನು ಮುರಿಯುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿಲ್ಲವೆಂದು ಸ್ಟೀಫನ್‌ಸನ್ ಭಿನ್ನಮತ ತಳೆದರು. ಕಾನೂನು ಪಂಡಿತರಲ್ಲಿ ಆ ಚರ್ಚೆ ಬಹುಕಾಲ ನಡೆಯಿತಾದರೂ, ವ್ಯಾಪಾರಿ ಜಗತ್ತಿಗೆ ಅಗತ್ಯವಾಗಿದ್ದ ಉತ್ತರ ಅಂದು ಸಿಕ್ಕಿತ್ತು.

ಅಮೆರಿಕದಲ್ಲಿ 1976ರ ಅಕ್ಟೋಬರಿನಲ್ಲಿ ಅಂಗೀಕಾರವಾಗಿದ್ದ ವಿದೇಶಿ ಸಾರ್ವಭೌಮ ವಿನಾಯಿತಿ ಕಾಯಿದೆ ವಾಣಿಜ್ಯ ಚಟುವಟಿಕೆಯನ್ನು ವಿನಾಯಿತಿಯಿಂದ ಹೊರಗಿಟ್ಟಿತ್ತು. ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಸಿಮೆಂಟಿನ ಮೊಕದ್ದಮೆಗಳೂ ಸೇರಿದವು. ನ್ಯೂಯಾರ್ಕಿನ ಕೆಳ ಹಂತದ ನ್ಯಾಯಾಧೀಶರು ಪರಸ್ಪರ ವಿರುದ್ಧ ತೀರ್ಪುಗಳನ್ನು ಕೊಟ್ಟ ನಂತರ, 1981ರ ಏಪ್ರಿಲ್ 16ರಂದು ಮೇಲ್ಮನವಿ ನ್ಯಾಯಾಲಯ ಟೆಕ್ಸಾಸ್ ಟ್ರೇಡಿಂಗ್ ಮತ್ತು ಇನ್ನು ಮೂರು ಸಂಸ್ಥೆಗಳ ದಾವೆಗಳಲ್ಲಿ ನೈಜೀರಿಯಾಕ್ಕೂ ಅದರ ಬ್ಯಾಂಕಿಗೂ ವಿನಾಯಿತಿಯಿಲ್ಲವೆಂದು ಹೇಳಿತು. ಡಚ್ ಕಂಪನಿಯಾದ ವರ್ಲಿಂಡನ್ನಿನ ದಾವೆ ಬೇರೆ ಪ್ರಶ್ನೆಯನ್ನೆತ್ತಿತು: ವಿದೇಶಿಯೊಬ್ಬ ವಿದೇಶಿ ರಾಷ್ಟ್ರದ ಮೇಲೆ ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಅಲ್ಲಿನ ಸಂವಿಧಾನ ಅವಕಾಶ ಕೊಡುತ್ತದೆಯೇ? ಕೊಡುತ್ತದೆಂದು ಸುಪ್ರೀಂ ಕೋರ್ಟು 1983ರ ಮೇ ತಿಂಗಳಿನಲ್ಲಿ ಒಮ್ಮತದಿಂದ ತೀರ್ಮಾನಿಸಿತು. ಆದರೆ ವಿನಾಯಿತಿಯ ಪ್ರಶ್ನೆಯನ್ನು ಮತ್ತೆ ಕೆಳಗೆ ಕಳಿಸಿದ್ದರಿಂದ, ಒಪ್ಪಂದವಾಗಿ ಎಂಟು ವರ್ಷ ಕಳೆದರೂ ಆ ಕಂಪನಿಗೆ ದಕ್ಕಿದ್ದು ದಾವೆ ಹೂಡುವ ಹಾದಿ ತೆರೆದಿದೆಯೆಂಬ ತತ್ತ್ವವಷ್ಟೇ.

ಗೆದ್ದ ಟ್ರೆಂಡ್‌ಟೆಕ್ಸಿನ ಗತಿಯೂ ಹೇಳಿಕೊಳ್ಳುವಂತಿರಲಿಲ್ಲ. ಈ ವ್ಯವಹಾರಕ್ಕೆ ಸಾಲ ಕೊಟ್ಟಿದ್ದ ಕ್ರೆಡಿಟ್ ಸ್ವಿಸ್ ಬ್ಯಾಂಕಿಗೆ ಅದು ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು, ಬ್ಯಾಂಕು ಆ ಹಕ್ಕನ್ನು ಹೆಸರು ಹೇಳದ ಮೂರನೆಯವರೊಬ್ಬರಿಗೆ 11 ಲಕ್ಷ ಡಾಲರಿಗೆ ಮಾರಿತು, ಸ್ವಲ್ಪ ದಿನಗಳಲ್ಲೇ ನೈಜೀರಿಯಾದ ಬ್ಯಾಂಕು 80 ಲಕ್ಷ ಡಾಲರಿಗೆ ರಾಜಿಗೆ ಬಂತು. ಮೊಕದ್ದಮೆಯನ್ನು ಸರಕಿನಂತೆ ಮಾರುವ ಇಂಥ ವ್ಯವಹಾರ ಇಂಗ್ಲಿಷ್ ಕಾನೂನಿನಲ್ಲಿ ಊರ್ಜಿತವಲ್ಲವೆಂದು ಲಾರ್ಡ್ಸ್ ಸಭೆ ಹೇಳಿತು. ಆದರೆ ಒಪ್ಪಂದದ ಪ್ರಕಾರ ವಿವಾದ ಜಿನೀವಾದಲ್ಲಿಯೇ ತೀರಬೇಕಾಗಿತ್ತು.

ನೈಜೀರಿಯಾದಲ್ಲಿ ಬಂದರಿನ ಸಾಮರ್ಥ್ಯ ಹೆಚ್ಚಿಸುವ ತುರ್ತಿನಿಂದ ಟಿನ್ ಕ್ಯಾನ್ ದ್ವೀಪದಲ್ಲಿ ಹೊಸ ಬಂದರು ಎದ್ದು 1977ರಲ್ಲಿ ಕಾರ್ಯಾರಂಭ ಮಾಡಿತು. ಮುರ್ತಲಾ ಮೊಹಮ್ಮದ್ ಅದನ್ನು ನೋಡಲು ಉಳಿದಿರಲಿಲ್ಲ, 1976ರ ಫೆಬ್ರವರಿ 13ರಂದೇ ಅವರ ಹತ್ಯೆಯಾಗಿತ್ತು. ಬ್ರಿಟನ್ನು 1978ರಲ್ಲಿ ರಾಷ್ಟ್ರ ವಿನಾಯಿತಿ ಕಾಯಿದೆಯನ್ನು ತಂದು ಡೆನ್ನಿಂಗ್ ಅವರ ನಿಲುವನ್ನು ಶಾಸನಕ್ಕೇರಿಸಿತಾದರೂ, ವಿದೇಶಿ ಕೇಂದ್ರ ಬ್ಯಾಂಕಿನ ಆಸ್ತಿಯನ್ನು ವಾಣಿಜ್ಯ ಬಳಕೆಯ ಆಸ್ತಿಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ವಿಧಿಯನ್ನೂ ಅದರಲ್ಲಿ ಸೇರಿಸಿತು. ಅಮೆರಿಕದ ಕಾಯಿದೆಯಲ್ಲಿಯೂ ಕೇಂದ್ರ ಬ್ಯಾಂಕಿನ ಸ್ವಂತ ಖಾತೆಯ ಹಣಕ್ಕೆ ವಿಶೇಷ ರಕ್ಷಣೆಯಿತ್ತು. ಜಗತ್ತಿನ ಮೀಸಲು ನಿಧಿಗಳನ್ನು ಆಕರ್ಷಿಸುವ ಲಂಡನ್, ನ್ಯೂಯಾರ್ಕುಗಳಿಗೆ ಅದು ಅಗತ್ಯವಾಗಿತ್ತು. ಪರಿಣಾಮವಾಗಿ ಕೇಂದ್ರ ಬ್ಯಾಂಕಿನ ವಿರುದ್ಧ ತೀರ್ಪು ಪಡೆಯುವುದು ಸಾಧ್ಯವಾದ ಹೊತ್ತಿನಲ್ಲಿಯೇ ಆ ತೀರ್ಪಿನ ಹಣವನ್ನು ಅದರ ಖಾತೆಗಳಿಂದ ವಸೂಲು ಮಾಡುವುದು ಮತ್ತಷ್ಟು ದುಸ್ತರವಾಯಿತು.

ಆದಕಾರಣ, ಸರ್ಕಾರಗಳಿಗೆ ಸರಕು ಮಾರುವವರ ಪಾಲಿಗೆ ಉಳಿದ ಭದ್ರತೆ ಎಂದರೆ ದೃಢೀಕರಣವೇ ಆಗಿದೆ: ತಮ್ಮ ನೆಲದಲ್ಲೇ ಇರುವ, ತಮ್ಮ ನ್ಯಾಯಾಲಯಕ್ಕೆ ಒಳಪಟ್ಟ ಬ್ಯಾಂಕಿನ ಸ್ವಂತ ವಾಗ್ದಾನ. ಅದಕ್ಕೆ ಪ್ರತ್ಯೇಕ ಶುಲ್ಕ ತೆರಬೇಕು, ಎಲ್‌ಸಿ ಹೊರಡಿಸುವ ದೇಶ ಎಷ್ಟು ಅಸ್ಥಿರವೋ ಶುಲ್ಕ ಅಷ್ಟು ಹೆಚ್ಚು. 2007ರಿಂದ ಜಾರಿಯಲ್ಲಿರುವ ಏಕರೂಪ ನಿಯಮಾವಳಿಯ ಪರಿಷ್ಕರಣೆ, ಹಾಗೆಂದು ಹೇಳದಿದ್ದರೂ ಎಲ್‌ಸಿ ರದ್ದುಪಡಿಸಲಾಗದ್ದೇ ಎಂದು ಭಾವಿಸತಕ್ಕದ್ದೆಂದು ವಿಧಿಸಿತು, ತಿದ್ದುಪಡಿಗೆ ಮಾರಾಟಗಾರನ ಒಪ್ಪಿಗೆ ಬೇಕೆಂಬುದನ್ನು ಉಳಿಸಿಕೊಂಡಿತು. ಆದರೆ ದೃಢೀಕರಣವನ್ನು ಮಾತ್ರ ಅದು ಕಡ್ಡಾಯ ಮಾಡಿಲ್ಲ, ಅದನ್ನು ಕೇಳಿ ಪಡೆಯುವ ಹೊಣೆಯನ್ನು ಮಾರಾಟಗಾರನಿಗೇ ಬಿಟ್ಟಿದೆ.